ಅಣೆಕಟ್ಟೆಯ ಲಾಭ ಯಾರಿಗೆ? ಲೆಕ್ಕ ಬಲ್ಲ ಅರ್ಥಶಾಸ್ತ್ರ

ಭದ್ರಾ ಅಣೆಕಟ್ಟೆ ಇರುವುದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ. ಅದರ ನಾಲೆಯ ನೀರು ಬಹುಪಾಲು ಹರಿಯುವುದು ದಾವಣಗೆರೆ ಸೀಮೆಗೆ. ಪಕ್ಕದ ಕಡೂರಿನ ಎಮ್ಮೆದೊಡ್ಡಿ ಭಾಗದ ರೈತರು ನೆಚ್ಚಿಕೊಂಡಿರುವುದು ಮಳೆ, ಕೆರೆ, ಕೊಳವೆಬಾವಿಗಳನ್ನು. ಹಾಗಾದರೆ ನೀರಾವರಿ ಬಡತನವನ್ನು ಎಷ್ಟು ತಗ್ಗಿಸಿತು? ನಾಲೆ ಬಂದ ಊರನ್ನು ಬಾರದ ಊರಿನೊಡನೆ ಹೋಲಿಸಿದರೆ ಸಾಲದು. ನಾಲೆಗೆ ಮೊದಲೇ ಅವುಗಳ ಮಣ್ಣು, ರಸ್ತೆ, ರಾಜಕೀಯ ಬಲ ಬೇರೆಬೇರೆ ಇದ್ದಿರಬಹುದು. ಈ ತೊಡಕನ್ನು ಬಿಡಿಸುವುದನ್ನೇ ಸ್ನಾತಕೋತ್ತರ ಹಂತದ ಪರಿಮಾಣಾತ್ಮಕ ಅರ್ಥಶಾಸ್ತ್ರ ಕಲಿಸುತ್ತದೆ. ಅರ್ಥಶಾಸ್ತ್ರಜ್ಞರಾದ ಎಸ್ತರ್ ಡುಫ್ಲೊ ಮತ್ತು ರೋಹಿಣಿ ಪಾಂಡೆ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಸರ್ಕಾರದ ಆಯ್ಕೆಗೆ ಸಿಗದ ನದಿಪಾತ್ರದ ಇಳಿಜಾರನ್ನು ಆಧಾರವಾಗಿಟ್ಟುಕೊಂಡು ಭಾರತದ ಅಣೆಕಟ್ಟೆಗಳ ಫಲವನ್ನು ಅಳೆಯಿತು. ಕೆಳಹರಿವಿನ ಜಿಲ್ಲೆಗಳಲ್ಲಿ ಬಡತನ ಇಳಿದಿತ್ತು, ಅಣೆಕಟ್ಟೆ ಕಟ್ಟಿದ ಜಿಲ್ಲೆಗಳಲ್ಲಿ ಏರಿತ್ತು. ಬರೀ ಸರಾಸರಿ ನೋಡಿದ್ದರೆ ಈ ಅನ್ಯಾಯ ಕಾಣುತ್ತಲೇ ಇರಲಿಲ್ಲ.

ಅಂಕಿಗೆ ಊರಿನ ನೋವು ತಿಳಿಯದು ಎನ್ನುವವರ ಮಾತಿನಲ್ಲಿ ಹುರುಳಿದೆ. ಮುಳುಗಿದ ಮನೆಯ ದುಃಖ ಯಾವ ಸಮೀಕರಣಕ್ಕೂ ದಕ್ಕುವುದಿಲ್ಲ. ಆದರೆ ಪರಿಹಾರ ಕೇಳಲು ಕಚೇರಿಯ ಮುಂದೆ ನಿಂತಾಗ ದುಃಖದ ಜೊತೆಗೆ ಪುರಾವೆಯೂ ಬೇಕು. ಗಣಿತ ಹಳ್ಳಿಯ ಮಕ್ಕಳನ್ನು ಹೊರಗಿಡುತ್ತದೆ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ 1931ರಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕೋಲ್ಕತ್ತ, ದೆಹಲಿಗಳಲ್ಲಿ ನಡೆಸುವ ಪರಿಮಾಣಾತ್ಮಕ ಅರ್ಥಶಾಸ್ತ್ರದ ಎರಡು ವರ್ಷದ ಸ್ನಾತಕೋತ್ತರ ಕೋರ್ಸಿನ ಪ್ರವೇಶ ಪರೀಕ್ಷೆಯಲ್ಲಿ ಗಣಿತ ತಪ್ಪದು. ತಪ್ಪು ಗಣಿತದ್ದಲ್ಲ, ಅದನ್ನು ಕಲಿಸದೆ ಬಿಟ್ಟ ನಮ್ಮದು. ಕಡೂರು, ತರೀಕೆರೆ, ಅಜ್ಜಂಪುರದ ಕಾಲೇಜುಗಳು ಅರ್ಥಶಾಸ್ತ್ರ ಓದುವ ಮಕ್ಕಳಿಗೆ ಕಲನಶಾಸ್ತ್ರ, ಸಂಖ್ಯಾಶಾಸ್ತ್ರಗಳನ್ನು ಕನ್ನಡದಲ್ಲೇ ಕಲಿಸಲು ಮುಂದಾಗಲಿ.