ಅಳತೆಗೆ ಸಿಗದ 1.4 ಲಕ್ಷ ಕೋಟಿ ಡಾಲರ್

ನೆಲ ಸುಟ್ಟ ಯುದ್ಧವಿಲ್ಲ, ನಗರ ಕೆಡವಿದ ಭೂಕಂಪವಿಲ್ಲ. ಆದರೂ ಏಳು ವರ್ಷಗಳಲ್ಲಿ ಅಮೆರಿಕದ ಆರ್ಥಿಕ ಸಾಮರ್ಥ್ಯದಿಂದ ಶೇ 7.3ರಷ್ಟು ಭಾಗ ಕಾಗದದ ಮೇಲೆ ಮಾಯವಾಯಿತು. 2017ರಲ್ಲಿ ದೇಶ ಎಷ್ಟು ಉತ್ಪಾದಿಸಬಲ್ಲದು ಎಂದು ಅಲ್ಲಿನ ಸಂಸತ್ತಿನ ಬಜೆಟ್ ಕಚೇರಿಯಾದ ಕಾಂಗ್ರೆಷನಲ್ ಬಜೆಟ್ ಆಫೀಸ್ 2007ರಲ್ಲೇ ಅಂದಾಜು ಮಾಡಿತ್ತು. 2014ರಲ್ಲಿ ಅದೇ ಕಚೇರಿ ಅದೇ ವರ್ಷದ ಲೆಕ್ಕವನ್ನು ಮತ್ತೆ ಹಾಕಿದಾಗ ಅಂಕಿ ಅಷ್ಟು ಕೆಳಗಿಳಿದಿತ್ತು. 2017ರ ಅಮೆರಿಕದ ಜಿಡಿಪಿ ಸುಮಾರು 19.5 ಲಕ್ಷ ಕೋಟಿ ಡಾಲರ್. ಅದರ ಶೇ 7.3 ಎಂದರೆ ಸುಮಾರು 1.4 ಲಕ್ಷ ಕೋಟಿ ಡಾಲರ್; ಆ ವರ್ಷ ಇಡೀ ಭಾರತ ಉತ್ಪಾದಿಸಿದ್ದರ ಅರ್ಧಕ್ಕಿಂತ ಹೆಚ್ಚು. ತಲೆಗೆ ಹಂಚಿದರೆ ಪ್ರತಿ ಅಮೆರಿಕನ್ನನಿಗೆ 4,300 ಡಾಲರಿಗೂ ಮೇಲೆ.

2008ರ ಹಿಂಜರಿತವೇ ಇದನ್ನೆಲ್ಲ ನುಂಗಿತೆಂದು ಯಾರಿಗಾದರೂ ಅನ್ನಿಸುತ್ತದೆ. ಕಚೇರಿ ಕೊಟ್ಟ ವಿವರಣೆ ಬೇರೆ. ಇಳಿಕೆಯ ದೊಡ್ಡ ಪಾಲು ಬಂದದ್ದು ಹಿಂಜರಿತಕ್ಕೆ ಮೊದಲೇ ಇದ್ದ ಬೆಳವಣಿಗೆಯ ಜಾಡನ್ನು ಮರುಪರಿಶೀಲಿಸಿದ್ದರಿಂದ. ಅಂದರೆ ಕಳೆದುಹೋಯಿತು ಎಂದುಕೊಂಡ ಸಾಮರ್ಥ್ಯದಲ್ಲಿ ಬಹುಪಾಲು ಮೊದಲಿಗೆ ಇರಲೇ ಇಲ್ಲ!

ಈ ಲೆಕ್ಕಕ್ಕೆ ರೂಪ ಕೊಟ್ಟವರು ಅಮೆರಿಕದ ಅರ್ಥಶಾಸ್ತ್ರಜ್ಞ ಆರ್ಥರ್ ಓಕುನ್. ಹಣದುಬ್ಬರವನ್ನು ಕೆರಳಿಸದೆ ಒಂದು ದೇಶ ಗರಿಷ್ಠ ಎಷ್ಟು ಉತ್ಪಾದಿಸಬಲ್ಲದು ಎಂಬುದು 1962ರಲ್ಲಿ ಅವರು ಎತ್ತಿಕೊಂಡ ಪ್ರಶ್ನೆ. ಉತ್ತರಕ್ಕೆ ಸಂಭಾವ್ಯ ಉತ್ಪನ್ನ ಎಂದು ಹೆಸರು. ನಿರುದ್ಯೋಗ ಶೇ 4 ಇದ್ದಾಗ ದೇಶ ಪೂರ್ಣ ಸಾಮರ್ಥ್ಯದಲ್ಲಿ ದುಡಿಯುತ್ತದೆಂದು ಓಕುನ್ ಇಟ್ಟುಕೊಂಡರು. ಅದಕ್ಕಿಂತ ಪ್ರತಿ ಒಂದು ಅಂಶ ಏರಿದರೂ ಉತ್ಪನ್ನ ಸುಮಾರು ಶೇ 3ರಷ್ಟು ಹಿಂದೆ ಬೀಳುತ್ತದೆಂದು ಕಂಡುಕೊಂಡರು. ಲೆಕ್ಕವೆಲ್ಲ ನಿಂತಿರುವುದು ಆ 4ರ ಮೇಲೆ. ಕಾರ್ಖಾನೆಯ ಉಕ್ಕನ್ನು ತೂಗಬಹುದು, ಗೋದಾಮಿನ ಗೋಧಿಯನ್ನು ಅಳೆಯಬಹುದು. ಹೀಗೆ ಪೂರ್ಣ ಸಾಮರ್ಥ್ಯದಲ್ಲೂ ಉಳಿಯುವ ‘ಸಹಜ’ ನಿರುದ್ಯೋಗ ಎಷ್ಟೆಂದು ತೋರಿಸುವ ಮಾಪಕ ಎಲ್ಲಿಯೂ ಇಲ್ಲ.

ಆದರೆ ಆ ಅಂಕಿಯ ಒಂದೊಂದು ಅಂಶದ ಹಿಂದೆಯೂ ಜನರಿದ್ದಾರೆ. ಅಮೆರಿಕದ ದುಡಿಯುವ ಪಡೆ 16 ಕೋಟಿಗೂ ಹೆಚ್ಚು. ಶೇ 1 ಎಂದರೆ 16 ಲಕ್ಷ ಮಂದಿ. ದೀರ್ಘಾವಧಿಯಲ್ಲಿ ನಿರುದ್ಯೋಗ ಶೇ 5.2ರಿಂದ 6ರ ನಡುವೆ ನಿಲ್ಲುತ್ತದೆಂದು 2012ರಲ್ಲಿ ದೇಶದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ ನೀತಿಕಾರರಲ್ಲಿ ಹೆಚ್ಚಿನವರು ಎಣಿಸಿದ್ದರು. 2019ರಲ್ಲಿ ಅದು ಶೇ 3.5ಕ್ಕೆ ಇಳಿಯಿತು, ಹಣದುಬ್ಬರ ಶೇ 2ರ ಗುರಿಯನ್ನೂ ಮುಟ್ಟಲಿಲ್ಲ. ಶೇ 5.2ನ್ನೇ ಹಿಡಿದರೂ, ಹಳೆಯ ಅಂಕಿಯ ಪ್ರಕಾರ ಕೆಲಸವಿಲ್ಲದೆ ಉಳಿಯಬೇಕಿದ್ದ 27 ಲಕ್ಷ ಜನ ಆಗ ಕೆಲಸದಲ್ಲಿದ್ದರು.

ತಪ್ಪು ಎರಡೂ ಕಡೆಗೆ ವಾಲುತ್ತದೆ. 1970ರ ದಶಕದಲ್ಲಿ ಅಮೆರಿಕದ ನೀತಿಕಾರರು ಸಾಮರ್ಥ್ಯವನ್ನು ಅತಿಯಾಗಿ ಎಣಿಸಿ, ಇನ್ನೂ ಬೇಕಾದಷ್ಟು ಅವಕಾಶವಿದೆ ಎಂದು ನಂಬಿದ್ದರು. ಅರ್ಥಶಾಸ್ತ್ರಜ್ಞ ಅಥನಾಸಿಯೋಸ್ ಓರ್ಫನೈಡ್ಸ್ ಅಂದಿನ ಅಂಕಿಗಳನ್ನೇ ಹುಡುಕಿ ತೆಗೆದು ಇದನ್ನು ತೋರಿಸಿಕೊಟ್ಟರು. 1980ರಲ್ಲಿ ಹಣದುಬ್ಬರ ಶೇ 13 ದಾಟಿತು; ಅದನ್ನು ಇಳಿಸುವಷ್ಟರಲ್ಲಿ, 1982ರ ಕೊನೆಗೆ, ನಿರುದ್ಯೋಗ ಶೇ 10.8 ಮುಟ್ಟಿತ್ತು. ಸೈಮನ್ ವಾನ್ ನಾರ್ಡೆನ್ ಜೊತೆ ಓರ್ಫನೈಡ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಮಾತು ಇನ್ನೂ ಕಠಿಣ: ನಿಜವಾದ ಉತ್ಪನ್ನಕ್ಕೂ ಸಂಭಾವ್ಯ ಉತ್ಪನ್ನಕ್ಕೂ ನಡುವಿನ ಅಂತರದ ಅಂದಾಜಿಗೆ ಮುಂದೆ ಮಾಡಬೇಕಾಗುವ ತಿದ್ದುಪಡಿ ಹೆಚ್ಚುಕಡಿಮೆ ಆ ಅಂತರದಷ್ಟೇ ದೊಡ್ಡದು.

ಇಂಥ ಅಂಕಿಯನ್ನು ಯುರೋಪು ಕಾನೂನಿನೊಳಗೇ ತಂದಿತು. ಯುರೋಪಿಯನ್ ಒಕ್ಕೂಟದ ಬಹುತೇಕ ಸದಸ್ಯ ದೇಶಗಳು 2012ರಲ್ಲಿ ಸಹಿ ಹಾಕಿದ ಒಪ್ಪಂದದ ಪ್ರಕಾರ, ಆರ್ಥಿಕತೆಯ ಏರಿಳಿತದ ಪ್ರಭಾವ ಕಳೆದು ಉಳಿಯುವ ಬಜೆಟ್ ಕೊರತೆ ಸಾಮಾನ್ಯವಾಗಿ ಜಿಡಿಪಿಯ ಶೇ 0.5 ಮೀರಬಾರದು. ಆ ಏರಿಳಿತವನ್ನು ಅಳೆಯುವುದು ಸಂಭಾವ್ಯ ಉತ್ಪನ್ನಕ್ಕೆ ಹೋಲಿಸಿಯೇ; ಅದರ ಅಂದಾಜು ಶೇ 1ರಷ್ಟು ತಪ್ಪಿದರೆ ಈ ಕೊರತೆಯ ಲೆಕ್ಕ ಜಿಡಿಪಿಯ ಸುಮಾರು ಶೇ 0.5ರಷ್ಟು ತಪ್ಪುತ್ತದೆ. ಮಿತಿಯೂ ಅಷ್ಟೇ, ತಪ್ಪೂ ಅಷ್ಟೇ! ಇಟಲಿಯಂಥ ದೇಶಕ್ಕೆ ಅದು ಆಗ ಅಂದಾಜು 800 ಕೋಟಿ ಯುರೋ: ಆಸ್ಪತ್ರೆ, ಪಿಂಚಣಿ, ಶಾಲೆಗಳಿಗೆ ಹೋಗಬೇಕಾದ ಹಣ.

ಸ್ಪೇನಿನ ಕತೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಲಕುತ್ತದೆ. 2013ರ ಆರಂಭದಲ್ಲಿ ಅಲ್ಲಿ 62 ಲಕ್ಷ ಜನ ನಿರುದ್ಯೋಗಿಗಳು, ಪ್ರಮಾಣ ಸುಮಾರು ಶೇ 27. ಆ ದಿನಗಳಲ್ಲಿ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್‌ನ ಅಂದಾಜಿನಲ್ಲಿ ಸ್ಪೇನಿನ ‘ಸಹಜ’ ನಿರುದ್ಯೋಗವೇ ಶೇ 20ಕ್ಕಿಂತ ಮೇಲಿತ್ತು. ಸುಮಾರು 2.3 ಕೋಟಿಯ ದುಡಿಯುವ ಪಡೆಯಲ್ಲಿ 46 ಲಕ್ಷಕ್ಕೂ ಹೆಚ್ಚು ಜನ ಕೆಲಸವಿಲ್ಲದೆ ಕೂತಿರುವುದೇ ಆ ದೇಶದ ಸ್ವಭಾವ ಎಂದಂತೆ. 2024ರ ಕೊನೆಗೆ ಸ್ಪೇನಿನ ನಿರುದ್ಯೋಗ ಶೇ 10.6ಕ್ಕೆ ಇಳಿದಿತ್ತು.

ಅಂದಾಜೇ ಬೇಡವೆಂದು ನಾನು ಹೇಳುವುದಿಲ್ಲ. ಬಡ್ಡಿದರ ನಿರ್ಧರಿಸುವವರು ಯಾವುದೋ ಒಂದು ಎಣಿಕೆ ಇಟ್ಟುಕೊಳ್ಳಲೇಬೇಕು. ಆದರೆ ಆ ಅಂಕಿಯ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಅದು ಎಷ್ಟು ತಪ್ಪಬಹುದೆಂಬುದೂ ಅಚ್ಚಾಗಬೇಕು. ಅದನ್ನೊಂದು ಕಾನೂನಿನ ಮಿತಿಯಾಗಿ ಮಾಡಬಾರದು. 2024ರಲ್ಲಿ ಯುರೋಪು ನಿಯಮ ಬದಲಿಸಿ ಸರ್ಕಾರಿ ವೆಚ್ಚದ ಬೆಳವಣಿಗೆಯನ್ನು ಮುಖ್ಯ ಅಳತೆಗೋಲಾಗಿ ತೆಗೆದುಕೊಂಡಿತು. ಆದರೆ ಆ ವೆಚ್ಚದ ಮಿತಿಯನ್ನು ನಿಗದಿಪಡಿಸುವ ಸಾಲದ ಲೆಕ್ಕದಲ್ಲಿ ಸಂಭಾವ್ಯ ಉತ್ಪನ್ನ ಈಗಲೂ ಇದೆ.