ಪರಿಮಳ ಮರದ್ದು, ಕುಸುರಿ ಕೈಯದ್ದು

ಸಾಗರ, ಸೊರಬದ ಗುಡಿಗಾರರು ಕೆತ್ತಿದ ಶ್ರೀಗಂಧದ ಮೂರ್ತಿಯನ್ನೋ ಪೆಟ್ಟಿಗೆಯನ್ನೋ ಕೈಗೆತ್ತಿಕೊಂಡವರು ಮೊದಲು ಮೂಗಿಗೆ ಹಿಡಿಯುತ್ತಾರೆ. ಘಮ ಬಂದರೆ ಅಸಲಿ, ಬಾರದಿದ್ದರೆ ನಕಲಿ ಎಂಬ ತೀರ್ಮಾನ ಅಲ್ಲೇ ಆಗಿಬಿಡುತ್ತದೆ. ಆದರೆ ಮೂಗು ಹೇಳುವುದು ಮರದ ಸುದ್ದಿಯನ್ನಷ್ಟೇ, ಅದೂ ಅರ್ಧ. ಗಂಧದ ಎಣ್ಣೆ ಇರುವುದು ಒಳಗಿನ ಚೇಗಿನಲ್ಲಿ. ಹೊರಗಿನ ಬಿಳಿ ಭಾಗಕ್ಕೆ ವಾಸನೆಯಿಲ್ಲ. ಯಾವುದೋ ಬಿಳಿ ಮರಕ್ಕೆ ಎಣ್ಣೆ ಸವರಿದರೂ ಕೆಲವು ದಿನ ಅಂಗಡಿಯೆಲ್ಲ ಘಮಘಮಿಸುತ್ತದೆ. ಹೀಗಾಗಿ ಮೂರ್ತಿಯನ್ನು ಮಗುಚಿ ತಳವನ್ನು ನೋಡಬೇಕು: ಚೇಗಾದರೆ ಹಳದಿ ಬೆರೆತ ಕಂದು ಬಣ್ಣ, ಒತ್ತಾದ ನಯವಾದ ಎಳೆ, ಗಾತ್ರಕ್ಕೆ ಮೀರಿದಂಥ ತೂಕ. ಅಚ್ಚಿಗೆ ಪುಡಿ ತುಂಬಿ ಎರಕ ಹೊಯ್ದದ್ದಾದರೆ ಎಳೆಯೇ ಇರುವುದಿಲ್ಲ, ಬದಿಯಲ್ಲಿ ಅಚ್ಚಿನ ಗೀರು ಉಳಿದಿರುತ್ತದೆ.

ಇಷ್ಟಾದರೂ ಕೈಕೆಲಸದ ಬೆಲೆ ಗೊತ್ತಾಗಲಿಲ್ಲ. ಕೈಯಿಂದ ಕೊರೆದ ಸ್ಫಟಿಕ ಗಾಜಿನ ಹೂದಾನಿಯನ್ನು ಬೆರಳಿನಿಂದ ತಟ್ಟಿದಾಗ ಬರುವ ಗಂಟೆಯ ದನಿ ಗಾಜಿನಲ್ಲಿ ಸೀಸ ಬೆರೆತಿರುವುದನ್ನು ಹೇಳೀತು. ಕೊರೆದವನ ಕೌಶಲ ಗೊತ್ತಾಗುವುದು ಗೀರಿನ ಅಂಚು ಹರಿತವಾಗಿದೆಯೇ, ಗೆರೆಗಳು ಸಂಧಿಸುವಲ್ಲಿ ತಪ್ಪದೆ ಕೂಡಿವೆಯೇ ಎಂದು ನೋಡಿದಾಗ. ಗಂಧದ ಕೆತ್ತನೆಯ ಪರೀಕ್ಷೆಯೂ ಅಂಚಿನಲ್ಲೇ ಇದೆ. ಪ್ರಭಾವಳಿಯ ಬಳ್ಳಿಯೊಂದನ್ನು ಹಿಡಿದು ನೋಡಬೇಕು. ಒಳ್ಳೆಯ ಗುಡಿಗಾರ ಬಳ್ಳಿಯ ಅಡಿಗೂ ಉಳಿ ತೂರಿಸಿ, ಅದು ಹಿನ್ನೆಲೆಯಿಂದ ಬಿಡಿಸಿಕೊಂಡು ನಿಲ್ಲುವಂತೆ ಮಾಡುತ್ತಾನೆ. ಎಲೆಯ ತೊಟ್ಟು ಕಾಂಡವನ್ನು ಸೇರುವ ಮೂಲೆ ಚೂಪಾಗಿರುತ್ತದೆ. ಎರಡು ಎಲೆ ಒಂದೇ ಜಾತಿಯವಾದರೂ ಒಂದರ ಪಡಿಯಚ್ಚು ಇನ್ನೊಂದಲ್ಲ. ಮರದ ಎಳೆ ತಿರುಗಿದೆಡೆ ಉಳಿಯೂ ತಿರುಗಿರುತ್ತದೆ. ಮೇಲಿನಿಂದಷ್ಟೇ ಇಳಿಯುವ ಸಾಮಾನ್ಯ ಕೊರೆಯುವ ಯಂತ್ರಕ್ಕೆ ಬಳ್ಳಿಯ ಅಡಿ ಎಟುಕದು. ಅದರ ಮೂಲೆಗಳು ಅಲಗಿನ ಗಾತ್ರಕ್ಕೆ ದುಂಡಗಾಗುತ್ತವೆ, ಎಡದ ಆನೆ ಬಲದ ಆನೆಯ ತದ್ರೂಪವಾಗುತ್ತದೆ. ಉಜ್ಜುಕಾಗದದಿಂದ ವಿಪರೀತ ತಿಕ್ಕಿ ಕಣ್ಣುರೆಪ್ಪೆ, ಬೆರಳ ಸಂದು ಮಾಸಿಹೋಗಿದ್ದರೆ ಅದೂ ಸಂಶಯಪಡಬೇಕಾದ ಗುರುತೇ.

ಘಮವೇ ಇಲ್ಲದಿದ್ದರೆ ಗಂಧದ ಕೆತ್ತನೆಗೆ ಉಳಿಯುವುದೇನು ಎಂದು ಕೇಳಬಹುದು. ಉತ್ತರ ಗುಡಿಗಾರರ ಕಸುಬಿನಲ್ಲೇ ಇದೆ. ಪೋರ್ಚುಗೀಸರ ಕಾಲದಲ್ಲಿ ಗೋವೆ ಬಿಟ್ಟು ಬಂದವರು ತಾವು ಎಂಬುದು ಸಮುದಾಯದ ಹಿರಿಯರ ಹೇಳಿಕೆ. ಗಂಧದ ಜೊತೆಗೆ ಅವರು ದಂತವನ್ನೂ ಕೆತ್ತಿದರು, ವಾಸನೆಯೇ ಇಲ್ಲದ ಬೆಂಡಿನಿಂದ ಮದುವೆಯ ಬಾಸಿಂಗ ಕಟ್ಟಿದರು. ಕಾನೂನು ಬಂದು ದಂತ ಹೋಯಿತು, ಕೈ ಉಳಿಯಿತು. ಈಗ ಗಂಧ ದುರ್ಲಭವಾದಾಗ ಶಿವನಿ ಮರದಲ್ಲಿ ಕೆಲಸ ನಡೆಯುತ್ತಿದೆ. ಶಿವನಿಯನ್ನು ಶಿವನಿ ಎಂದೇ ಹೇಳಿ ಮಾರಿದರೆ ಅದರಲ್ಲಿ ಮೋಸವೇನಿಲ್ಲ. ಕೊಳ್ಳುವವರು ಮೂಗನ್ನೇ ನಂಬಿದಷ್ಟೂ ಆ ಕೆಲಸ ಕಡಿಮೆ ಬೆಲೆಗೆ ಹೋಗುತ್ತದೆ, ಎಣ್ಣೆ ಸವರಿದ ಯಂತ್ರದ ಮಾಲು ಗೆಲ್ಲುತ್ತದೆ. ಯಂತ್ರ ಅಗ್ಗ, ಬಡವರ ಮನೆಗೂ ಗಣಪತಿ ಬಂದನಲ್ಲ ಎಂಬ ಮಾತು ನಿಜ, ಅದನ್ನು ಬೇಡವೆನ್ನಬೇಕಾಗಿಲ್ಲ. ಯಂತ್ರದ ಮಾಲನ್ನು ಕೈಕೆಲಸವೆಂದು ಹೇಳಿ, ಕೈಕೆಲಸದ ಬೆಲೆಗೆ ಮಾರುವುದು ಮಾತ್ರ ಕೆತ್ತುವವನ ಅನ್ನ ಕಸಿದಂತೆ.

1792ರಲ್ಲಿ ಟಿಪ್ಪು ಗಂಧವನ್ನು ರಾಜವೃಕ್ಷವೆಂದು ಘೋಷಿಸಿದ. ಆಮೇಲೆ ಎರಡು ಶತಮಾನಕ್ಕೂ ಹೆಚ್ಚು ಕಾಲ ರೈತನ ಹೊಲದಲ್ಲಿ ಹುಟ್ಟಿದ ಗಂಧದ ಮರವೂ ಅವನದಾಗಿರಲಿಲ್ಲ. 2001ರ ಕಾಯ್ದೆ ತಿದ್ದುಪಡಿಯ ಮೇಲೆ ಅದು ನೆಲದ ಒಡೆಯನದಾಯಿತು. ರಾಜ್ಯದ ಹಲವೆಡೆ ರೈತರು ಸಸಿ ನೆಟ್ಟಿದ್ದಾರೆ. ಚೇಗು ಬಲಿಯಲು ದಶಕಗಳು ಬೇಕು, ಆದರೂ ಮರ ಮರಳಿ ಬಂದೀತು. ಉಳಿ ಹಿಡಿದ ಕೈ ಪಳಗಲೂ ವರ್ಷಗಳೇ ಬೇಕು, ಅಷ್ಟು ದಿನ ಕಾಯಲು ಮನೆಯೊಲೆ ಉರಿಯಬೇಕು. ಬಳ್ಳಿಯ ಅಡಿಯನ್ನು ಬಗ್ಗಿ ನೋಡಿ ಅದಕ್ಕೆ ತಕ್ಕ ಬೆಲೆ ಕೊಡುವವರು ಇಂದು ಸಿಗದೆ ಹೋದರೆ, ಸಾಗರದ ಪೇಟೆಗೆ ಗಂಧ ಮರಳಿ ಬರುವ ಹೊತ್ತಿಗೆ ಅದು ಎಣ್ಣೆಯ ಭಟ್ಟಿಗಷ್ಟೇ ಹೋದೀತು.