ಆಟದ ಬಯಲಿಗೂ ಒಂದು ಸರ್ವೆ ನಂಬರು ಬೇಕು

ಮಕ್ಕಳೇ, ಹಿಂದೆ ನಮ್ಮ ಅಲೆವೂರಿನಲ್ಲಿ ಪಾರ್ಕ್ ಎಂಬ ಮಾತೇ ಇರಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ಕೊಯ್ಲು ಮುಗಿದರೆ ಗದ್ದೆಯೇ ಮೈದಾನ. ತೆಂಗಿನ ಮಡಲಿನ ಬುಡ ಕೆತ್ತಿದರೆ ಬ್ಯಾಟು ಸಿದ್ಧ. ಅದೇ ಗದ್ದೆಯಲ್ಲಿ ರಾತ್ರಿ ಯಕ್ಷಗಾನದ ರಂಗಸ್ಥಳ ಏಳುತ್ತಿತ್ತು. ಗದ್ದೆ ಯಾರದ್ದಾದರೂ ಆಟ ಎಲ್ಲರದ್ದು.

ಈಗ ಉಡುಪಿಯೂ ಮಣಿಪಾಲವೂ ಬೆಳೆಯುತ್ತಾ ನಮ್ಮ ಊರಿನ ಬಾಗಿಲಿಗೆ ಬಂದಿವೆ. ಗದ್ದೆಗಳು ಐದು ಸೆಂಟ್ಸು, ಹತ್ತು ಸೆಂಟ್ಸಿನ ನಿವೇಶನಗಳಾಗುತ್ತಿವೆ. ಇದನ್ನು ತಪ್ಪೆನ್ನುವಂತಿಲ್ಲ, ಮನೆ ಎಲ್ಲರಿಗೂ ಬೇಕು. ಆದರೆ ಆಟದ ಬಯಲು ಬೇಡವೆಂದು ಯಾರೂ ತೀರ್ಮಾನ ಮಾಡಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಜಾಗಕ್ಕೆ ಪಾಗಾರ ಹಾಕಿಕೊಂಡರು, ಬಯಲು ತಾನಾಗಿಯೇ ಇಲ್ಲವಾಯಿತು.

ಉಡುಪಿಯ ಅಜ್ಜರಕಾಡನ್ನು ನೋಡಿ. 1934ರಲ್ಲಿ ಗಾಂಧೀಜಿ ಬಂದಾಗ ಜನ ಸೇರಿದ್ದು ಅಲ್ಲಿಯೇ. ಇಂದು ಅಲ್ಲಿ ಭುಜಂಗ ಪಾರ್ಕ್ ಇದೆ, ಜಿಲ್ಲಾ ಕ್ರೀಡಾಂಗಣ ಇದೆ. ಮಣಿಪಾಲದಲ್ಲಿ ಮಣ್ಣಪಳ್ಳದ ಕೆರೆಯಿದೆ, ಸ್ವರ್ಣಾ ನದಿ ಕಾಣುವ ಎಂಡ್ ಪಾಯಿಂಟ್ ಇದೆ. ಭಾನುವಾರ ಬಸ್ಸು ಹಿಡಿದು ಹೋಗಲು ಇವೆಲ್ಲ ಚಂದ. ಆದರೆ ಆರು ವರ್ಷದ ಮಗು ಸಂಜೆ ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿಯುವುದುಂಟೇ? ಮಂಡಿನೋವಿನ ಅಜ್ಜಿ? ಪೇಟೆಗೊಂದು ದೊಡ್ಡ ಪಾರ್ಕಿನ ಜೊತೆಗೆ, ನಡೆದು ಹೋಗುವಷ್ಟು ಹತ್ತಿರದಲ್ಲಿ ಸಣ್ಣ ಬಯಲುಗಳೂ ಬೇಕು.

ಅದಕ್ಕೆ ಜಾಗ ಎಲ್ಲಿಂದ? ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯಲ್ಲಿ ಇದಕ್ಕೊಂದು ಲೆಕ್ಕವಿದೆ. ಬಡಾವಣೆಯ ಶೇ. 15ರಷ್ಟು ಜಾಗವನ್ನು ಉದ್ಯಾನ ಮತ್ತು ಆಟದ ಮೈದಾನಕ್ಕೆ ಬಿಡಬೇಕು. ಹತ್ತು ಎಕರೆಯ ಬಡಾವಣೆ ಎಂದರೆ ಸಾವಿರ ಸೆಂಟ್ಸು, ಅದರಲ್ಲಿ 150 ಸೆಂಟ್ಸು ಮಕ್ಕಳ ಪಾಲು. ಆದರೆ ಅದೇ ಹತ್ತು ಎಕರೆ ಹತ್ತು ಸೆಂಟ್ಸಿನಂತೆ ನೂರು ಜನರಿಗೆ ಬಿಡಿಬಿಡಿಯಾಗಿ ಹೋದರೆ? ಯಾರ ಬಳಿಯೂ ಬಿಟ್ಟುಕೊಡುವಷ್ಟು ಜಾಗ ಉಳಿಯುವುದಿಲ್ಲ. ನಮ್ಮಂಥ ಊರುಗಳಲ್ಲಿ ಆಗುತ್ತಿರುವುದು ಇದೇ.

ಮೀಸಲಿಟ್ಟ ಜಾಗವನ್ನೂ ಕಾಯಬೇಕಾಗುತ್ತದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಡಲಾಯಿತು. ಬಿ. ಎಸ್. ಮುದ್ದಪ್ಪ ಮತ್ತಿತರ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಆಸ್ಪತ್ರೆಯೂ ಒಳ್ಳೆಯದೇ ಅಲ್ಲವೇ ಎಂದು ನೀವು ಕೇಳಬಹುದು. ಒಳ್ಳೆಯದೇ. ಆದರೆ ಆಸ್ಪತ್ರೆಯನ್ನು ಬೇರೆ ಜಾಗ ಕೊಂಡು ಕಟ್ಟಬಹುದು, ಮನೆಗಳ ನಡುವಿನ ಬಯಲನ್ನು ಒಮ್ಮೆ ಕಳೆದುಕೊಂಡರೆ ಮತ್ತೆ ತರುವುದು ಹೇಗೆ?

ಕಾರಂಜಿ, ಬಣ್ಣದ ದೀಪ ಇದ್ದರೇ ಪಾರ್ಕ್ ಎಂದುಕೊಳ್ಳಬೇಡಿ. ಚೆಂಡು ಉರುಳುವಷ್ಟು ಸಮತಟ್ಟು ನೆಲ, ಎರಡು ನೆರಳಿನ ಮರ, ಕೂರಲು ಬೆಂಚು, ಕುಡಿಯುವ ನೀರು, ಒಂದು ಶೌಚಾಲಯ ಇದ್ದರೆ ಸಾಕು. ಮಳೆಗಾಲದಲ್ಲಿ ಆ ನೆಲ ನೀರು ಕುಡಿದರೆ ಸುತ್ತಲಿನ ಬಾವಿಗಳಿಗೂ ಒಳ್ಳೆಯದು.

ಇದರಲ್ಲಿ ನಿಮಗೂ ಕೆಲಸವಿದೆ. ಪಂಚಾಯತಿನಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅಲ್ಲಿ ಎದ್ದು ನಿಂತು ಮೂರು ಪ್ರಶ್ನೆ ಕೇಳಿ. ನಮ್ಮ ವಾರ್ಡಿನಲ್ಲಿ ಸರ್ಕಾರಿ ಜಾಗ ಎಲ್ಲಿದೆ? ಅದರಲ್ಲಿ ಆಟಕ್ಕೆಂದು ಎಷ್ಟು ಸೆಂಟ್ಸು ಮೀಸಲಿಟ್ಟಿದ್ದೀರಿ? ಅದು ಪಹಣಿಯಲ್ಲಿ ಬರೆದಿದೆಯೇ? ಉತ್ತರ ಕೊಟ್ಟರೆ ಬರೆದುಕೊಳ್ಳಿ. ಕೊಡದಿದ್ದರೆ ಮುಂದಿನ ಸಭೆಯಲ್ಲಿ ಮತ್ತೆ ಕೇಳಿ. ದೊಡ್ಡವರೂ ತಮ್ಮ ಗ್ರಾಮಸಭೆಯಲ್ಲಿ ಇದನ್ನೇ ಕೇಳಲಿ. ಉಳಿದಿರುವ ಗದ್ದೆಗಳಿಗೆ ಪಾಗಾರ ಬೀಳುವ ಮೊದಲೇ ಕೇಳಬೇಕು.